ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು

ನಮ್ಮ ಸಂಘ ಇಪ್ಪತ್ತೈದು ವರ್ಷ ತುಂಬಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಸಂದರ್ಭದಲ್ಲಿ, ಹೆಣ್ಣುಮಕ್ಕಳ ಬಾಳಿಗೆ ದಾರಿ ಮಾಡಿಕೊಟ್ಟ ಒಬ್ಬ ಮಹಾತಾಯಿಯನ್ನು ನೆನೆಯುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಅವರೇ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ವಾಣಿವಿಲಾಸ ಸನ್ನಿಧಾನ ಎಂಬುದು ಅವರ ಬಿರುದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ನಮ್ಮೂರಿನಿಂದಲೂ ಎಷ್ಟೋ ಜನ ಹೋಗಿಬಂದಿದ್ದಾರೆ. ಆದರೆ ಆ ಹೆಸರು ಯಾರದು ಅಂತ ಕೇಳಿದರೆ ಹೇಳುವವರು ಕಮ್ಮಿ.

ಇವರು ಹುಟ್ಟಿದ್ದು 1866ರಲ್ಲಿ, ಕಳಲೆಯ ಅರಸು ಮನೆತನದಲ್ಲಿ. 1878ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರ ಜೊತೆ ಮದುವೆಯಾಯಿತು. ಲೆಕ್ಕ ಹಾಕಿ ನೋಡಿ, ಆಗ ಅವರಿಗೆ ಹನ್ನೆರಡು ವರ್ಷ! ಅರಮನೆಯ ಮಗಳಿಗೇ ಹೀಗಾದರೆ ಹಟ್ಟಿ ಹಳ್ಳಿಗಳ ಮಕ್ಕಳ ಪಾಡು ಏನಿದ್ದೀತು? ತೊಟ್ಟಿಲಲ್ಲಿ ಮಲಗಿದ್ದ ಕೂಸಿಗೂ ತಾಳಿ ಬೀಳುತ್ತಿದ್ದ ಕಾಲ ಅದು. ಗಂಡ ಅಂದರೆ ಏನು ಅಂತ ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡು ಮೂಲೆ ಸೇರಿದ ಮಕ್ಕಳು ಅನೇಕ.

ಇಂಥ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಮಹಾರಾಣಿಯವರ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅದನ್ನು ಮುಂದೆ ನಿಂತು ಕಟ್ಟಿದವರು ಅಂಬಿಲ್ ನರಸಿಂಹ ಅಯ್ಯಂಗಾರ್ಯರು. ದೊಡ್ಡ ಮನೆತನದವರೂ ಮಗಳನ್ನು ಶಾಲೆಗೆ ಕಳಿಸಲು ಹಿಂದೇಟು ಹಾಕುತ್ತಿದ್ದಾಗ, ರಾಣಿಯ ಹೆಸರೇ ಆ ಶಾಲೆಗೆ ದೊಡ್ಡ ಬಲವಾಯಿತು.

1894ರಲ್ಲಿ ಚಾಮರಾಜೇಂದ್ರ ಒಡೆಯರ ಸರ್ಕಾರ ಶಿಶುವಿವಾಹ ತಡೆಯುವ ಕಾನೂನು ಮಾಡಿತು. ಶೇಷಾದ್ರಿ ಅಯ್ಯರ್ ಆಗ ದಿವಾನರು. ಎಂಟು ವರ್ಷ ತುಂಬದ ಹೆಣ್ಣುಮಗುವಿನ ಮದುವೆ ಅಪರಾಧವಾಯಿತು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗುವುದೂ ಅಪರಾಧವಾಯಿತು. ಎಂಟು ವರ್ಷ ಅಂದರೆ ಈಗ ನಗು ಬರಬಹುದು. ಆದರೆ ಶಾಸ್ತ್ರದ ವಿಷಯಕ್ಕೆ ಸರ್ಕಾರ ಕೈಹಾಕಬಾರದೆಂದು ದೊಡ್ಡವರೇ ಅಡ್ಡ ನಿಂತಿದ್ದ ಆ ದಿನಗಳಲ್ಲಿ ಅಷ್ಟು ಮಾಡಲಿಕ್ಕೂ ಎದೆಗಾರಿಕೆ ಬೇಕಿತ್ತು. ಇಡೀ ದೇಶಕ್ಕೆ ಹೆಸರಾದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಅಂದರೆ ಮೂವತ್ತೈದು ವರ್ಷಗಳ ಮೇಲೆ. ಆಗ ಮಂಜರಾಬಾದು ಎನಿಸಿಕೊಂಡಿದ್ದ ನಮ್ಮ ಸಕಲೇಶಪುರದ ಸೀಮೆಯೂ ಮೈಸೂರು ಸಂಸ್ಥಾನದ್ದೇ ಆದ್ದರಿಂದ ಈ ಕಾನೂನು ನಮ್ಮ ಅಜ್ಜ ಮುತ್ತಜ್ಜಂದಿರಿಗೂ ಅನ್ವಯಿಸಿತ್ತು.

ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡರು. ಮಹಾರಾಣಿಗೆ ಆಗ ಇಪ್ಪತ್ತೆಂಟು ವರ್ಷ. ಮಗ ಕೃಷ್ಣರಾಜರಿಗೆ ಹತ್ತು ವರ್ಷ. ಗಂಡ ಸತ್ತ ಹೆಂಗಸು ಎದುರಿಗೆ ಬಂದರೆ ಅಪಶಕುನ ಎನ್ನುತ್ತಿದ್ದ ಸಮಾಜದಲ್ಲಿ, ಅಂಥ ಒಬ್ಬ ಹೆಂಗಸು ಇಡೀ ಸಂಸ್ಥಾನದ ಭಾರ ಹೊತ್ತರು. 1895ರಿಂದ 1902ರವರೆಗೆ ರೀಜೆಂಟರಾಗಿ ರಾಜ್ಯ ನಡೆಸಿದರು. ಸುಖದ ಕಾಲವೇನೂ ಅಲ್ಲ. 1897ರಲ್ಲಿ ಹಿರಿಯ ಮಗಳ ಮದುವೆ ಸಮಯದಲ್ಲೇ ಹಳೆ ಅರಮನೆಗೆ ಬೆಂಕಿ ಬಿತ್ತು. ಮರುವರ್ಷ ಪ್ಲೇಗು ಬಂತು, ಊರಿಗೆ ಊರೇ ಬಿಟ್ಟು ಜನ ಗುಡಿಸಲು ಹಾಕಿಕೊಂಡರು. ಇಷ್ಟರ ನಡುವೆ ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಶುರುವಾಯಿತು, ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಮಾರಿಕಣಿವೆ ಇಂದಿಗೂ ವಾಣಿವಿಲಾಸ ಸಾಗರವೇ.

ನಮಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಹಾರಾಣಿ ಶಾಲೆ. ಅದು ಅವರ ಆಳ್ವಿಕೆಯಲ್ಲೇ, 1901ರಲ್ಲಿ, ಕಾಲೇಜಾಯಿತು. 1906ರ ಹೊತ್ತಿಗೆ ಅಲ್ಲಿ ಓದಿದ ಹೆಣ್ಣುಮಕ್ಕಳು ಬಿ.ಎ. ಪಾಸು ಮಾಡಿ ಹೊರಗೆ ಬಂದರು. ಹನ್ನೆರಡಕ್ಕೆ ಹಸೆಮಣೆ ಏರಿದ ಹುಡುಗಿ, ಇನ್ನೊಬ್ಬರ ಮಕ್ಕಳು ಪದವಿ ಪಡೆಯುವುದನ್ನು ಕಣ್ಣಾರೆ ಕಂಡರು.

1902ರಲ್ಲಿ ಮಗನಿಗೆ ರಾಜ್ಯ ಒಪ್ಪಿಸಿ ಪಕ್ಕಕ್ಕೆ ಸರಿದರು. ಆ ಮಗನೇ ನಾಲ್ವಡಿಯವರು. ಸಹಕಾರ ಸಂಘಗಳ ಕಾನೂನು ಮೈಸೂರಿಗೆ 1905ರಲ್ಲಿ ಬಂದದ್ದು ಅವರ ಕಾಲದಲ್ಲೇ. ಹಾಗಾಗಿ ನಮ್ಮಂಥ ಸಂಘಗಳಿಗೂ ಆ ತಾಯಿಯ ಋಣವಿದೆ. ಮಹಾರಾಣಿಯವರು 1934ರಲ್ಲಿ ದೈವಾಧೀನರಾದರು.

ಸದಸ್ಯ ಬಂಧುಗಳೇ, ಈಗಿನ ಕಾನೂನಿನಲ್ಲಿ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಲೇಬೇಕು. ತುಂಬದೆ ಮಾಡಿದ ಮದುವೆ ನಮ್ಮ ರಾಜ್ಯದಲ್ಲಿ ಮದುವೆಯೇ ಅಲ್ಲ. ಆದರೂ ಸಕಲೇಶಪುರ, ಆಲೂರು ಕಡೆಯ ಗುಡ್ಡದೂರುಗಳಲ್ಲಿ ಒಂಟಿ ಮನೆ, ತೋಟದ ಲೈನು ಮನೆಗಳ ಕಷ್ಟ ನಮಗೆ ಗೊತ್ತಿಲ್ಲದ್ದಲ್ಲ. ಮಳೆಗಾಲದಲ್ಲಿ ಹಳ್ಳ ದಾಟಬೇಕು, ಬಸ್ಸಿಗೆ ಮೈಲಿಗಟ್ಟಲೆ ನಡೆಯಬೇಕು. ಹತ್ತನೇ ಕ್ಲಾಸು ಮುಗಿದ ಮೇಲೆ ಮಗಳನ್ನು ಅಷ್ಟು ದೂರ ಹೇಗೆ ಕಳಿಸೋದು ಎಂಬ ಹೆತ್ತವರ ಭಯ ಸುಳ್ಳಲ್ಲ. ಓದು ನಿಂತ ಮನೆಗೆ ಗಂಡಿನ ಕಡೆಯವರು ಬೇಗ ಬರುತ್ತಾರೆ. ಹಾಗಾಗಿ ನಾವು ಮೊದಲು ನೋಡಿಕೊಳ್ಳಬೇಕಾದ್ದು ಓದು ನಿಲ್ಲದ ಹಾಗೆ.

ಅಣೆಕಟ್ಟು ಕಟ್ಟುವುದು ನಮ್ಮ ಕೈಲಾಗದು. ನೆರೆಮನೆಯ ಹುಡುಗಿ ಕಾಲೇಜಿಗೆ ಹೋಗುವಾಗ ನಮ್ಮ ಮಗಳನ್ನೂ ಜೊತೆ ಮಾಡಿ ಕಳಿಸುವುದು ನಮ್ಮ ಕೈಲಾಗುತ್ತದೆ. ಮದುವೆ ಖರ್ಚಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಹಾಸ್ಟೆಲ್ ಫೀಸು ಕಟ್ಟುವುದೂ ಆಗುತ್ತದೆ. ಹದಿನೆಂಟು ತುಂಬದ ಹುಡುಗಿಯ ಲಗ್ನಪತ್ರಿಕೆ ಕೈಗೆ ಬಂದರೆ, ಊಟಕ್ಕೆ ಹೋಗುವ ಬದಲು ಆ ಮನೆಯ ಯಜಮಾನರಿಗೆ ನಾಲ್ಕು ಮಾತು ತಿಳಿಹೇಳೋಣ. ಕೇಳದಿದ್ದರೆ 1098ಕ್ಕೆ ಫೋನ್ ಮಾಡೋಣ. ಬೆಳ್ಳಿಹಬ್ಬದ ದೀಪ ಹಚ್ಚುವ ಹೊತ್ತಿನಲ್ಲಿ ಎಲ್ಲ ಸದಸ್ಯರಲ್ಲಿ ನಮ್ಮ ಬಿನ್ನಹ ಇಷ್ಟೇ.