ಹಿಟ್ಟಿನ ಗಿರಣಿಯಿಂದ ರಾಡಾರ್ ಲೆಕ್ಕದವರೆಗೆ: ಜಾರ್ಜ್ ಗ್ರೀನ್

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1793ರಲ್ಲಿ ಹುಟ್ಟಿದ ಜಾರ್ಜ್ ಗ್ರೀನ್ ಶಾಲೆಗೆ ಹೋದದ್ದು ಒಂದು ವರ್ಷ ಚಿಲ್ಲರೆ, ಅಷ್ಟೇ. ಅಪ್ಪನದು ಬೇಕರಿ. 9ನೇ ವಯಸ್ಸಿಗೇ ಹುಡುಗ ಕೆಲಸಕ್ಕಿಳಿದ. ಆಮೇಲೆ ಅಪ್ಪ ಪಕ್ಕದ ಸ್ನೆಂಟನ್‌ನಲ್ಲಿ ಗಾಳಿಯಿಂದ ತಿರುಗುವ ಹಿಟ್ಟಿನ ಗಿರಣಿ ಕಟ್ಟಿಸಿದರು. ಗಾಳಿ ಬಂದಾಗ ದುಡಿಮೆ, ಬಿಡುವು ಸಿಕ್ಕಾಗ ಗಣಿತ. ಫ್ರೆಂಚರ ಹೊಸ ಗಣಿತವನ್ನು ಅವರು ಯಾರಿಂದ ಕಲಿತರೋ, ಇವತ್ತಿಗೂ ಒಗಟೇ.

1828ರಲ್ಲಿ ವಿದ್ಯುತ್ ಮತ್ತು ಕಾಂತತೆಯ ಬಗ್ಗೆ ಒಂದು ಪ್ರಬಂಧ ಅಚ್ಚು ಹಾಕಿಸಿದರು. ಬೆಲೆ 7 ಶಿಲ್ಲಿಂಗ್ 6 ಪೆನ್ಸ್. ಮೊದಲೇ ಹಣ ಕೊಟ್ಟು ಕೊಂಡವರು 50 ಚಿಲ್ಲರೆ ಮಂದಿ, ಹೆಚ್ಚಿನವರಿಗೆ ಒಳಗಿನದು ಅರ್ಥವಾಗಿರಲಿಕ್ಕಿಲ್ಲ. ಅವರಲ್ಲಿ ಗಣಿತ ಬಲ್ಲ ಎಡ್ವರ್ಡ್ ಬ್ರೋಮ್‌ಹೆಡ್ ಸಹಾಯ ಮಾಡುತ್ತೇನೆಂದು ಕಾಗದ ಬರೆದರು. ಅದು ಬರೀ ದೊಡ್ಡವರ ಉಪಚಾರದ ಮಾತು ಎಂದು ಯಾರೋ ಹೇಳಿದ್ದನ್ನು ನಂಬಿ, ಗ್ರೀನ್ ಎರಡು ವರ್ಷದ ಹತ್ತಿರ ಉತ್ತರವನ್ನೇ ಬರೆಯಲಿಲ್ಲ!

ಪ್ರಬಂಧದ ತಿರುಳು ಇಷ್ಟು: ಒಂದು ಜಾಗದೊಳಗೆ ಏನಾಗುತ್ತಿದೆ ಎಂದು ತಿಳಿಯಲು ಜಾಗವನ್ನೆಲ್ಲ ಜಾಲಾಡಬೇಕಿಲ್ಲ. ಒಂದೇ ಒಂದು ಬಿಂದುವಿನ ಪ್ರಭಾವ ಗೊತ್ತಿದ್ದರೆ, ಉಳಿದದ್ದನ್ನು ಗಡಿಯ ಮೇಲೆ ಕೂಡಿಸಿ ಹೇಳಬಹುದು. ಅವರು ಬರೆದದ್ದು ನಿಂತ ವಿದ್ಯುತ್ತಿಗೆ. ಅಲೆಗಳಿಗೆ ಹೊಂದಿಸಿದ್ದು ನಂತರದವರು. ವಿಮಾನಕ್ಕೆ ಬಡಿದ ರಾಡಾರ್ ಅಲೆ ಹೇಗೆ ಚದುರುತ್ತದೆ ಎಂದು ಲೆಕ್ಕ ಹಾಕಬೇಕು ಅನ್ನಿ. ಸುತ್ತಲಿನ ಆಕಾಶಕ್ಕೆ ಕೊನೆಯೇ ಇಲ್ಲ, ಅದನ್ನು ತುಂಡು ಮಾಡುವುದು ಎಲ್ಲಿಯವರೆಗೆ? ಅದಕ್ಕೇ ವಿಮಾನದ ಮೈಯನ್ನಷ್ಟೇ ಸಣ್ಣ ತ್ರಿಕೋನಗಳಾಗಿ ಮಾಡುತ್ತಾರೆ. ಒಂದು ತ್ರಿಕೋನದ ಕರೆಂಟು ಇನ್ನೊಂದನ್ನು ಎಷ್ಟು ಮುಟ್ಟುತ್ತದೆ ಎಂದು ಹೇಳುವುದೇ ಗ್ರೀನ್ ಫಂಕ್ಷನ್. ಕರೆಂಟುಗಳು ಸಿಕ್ಕರೆ ಯಾವ ದಿಕ್ಕಿಗೆ ಎಷ್ಟು ಅಲೆ ಹೋಯಿತು ಎಂಬುದೂ ಸಿಕ್ಕಿತು. ಪುಕ್ಕಟೆ ಅಲ್ಲ ಮತ್ತೆ: ಪ್ರತಿಯೊಂದಕ್ಕೂ ಉಳಿದೆಲ್ಲದರ ಜೊತೆ ಸಂಬಂಧ, ಹಾಗಾಗಿ 10,000 ಕರೆಂಟುಗಳಿಗೆ 10 ಕೋಟಿ ಅಂಕಿಗಳ ಪಟ್ಟಿ.

ಅಪ್ಪ 1829ರಲ್ಲಿ ತೀರಿಕೊಂಡ ಮೇಲೆ ಗಿರಣಿಯ ಹೊರೆ ಇಳಿಯಿತು. ಬ್ರೋಮ್‌ಹೆಡ್ ಒತ್ತಾಸೆಯಿಂದ 1833ರಲ್ಲಿ, 40ರ ವಯಸ್ಸಿನಲ್ಲಿ, ಗ್ರೀನ್ ಕೇಂಬ್ರಿಡ್ಜ್ ಸೇರಿ ಎಳೆಯ ಹುಡುಗರ ಜೊತೆ ಬೆಂಚಿನಲ್ಲಿ ಕೂತರು. 1837ರ ಗಣಿತ ಪರೀಕ್ಷೆಯಲ್ಲಿ 4ನೇ ಸ್ಥಾನ, 1839ರಲ್ಲಿ ಕಾಲೇಜಿನ ಫೆಲೋ. ಆದರೆ ಆರೋಗ್ಯ ಕೈಕೊಟ್ಟಿತು. ಊರಿಗೆ ಮರಳಿ 1841ರ ಮೇ 31ರಂದು, 47ಕ್ಕೇ ತೀರಿಕೊಂಡರು. ಜೇನ್ ಸ್ಮಿತ್ ಜೊತೆ ಮದುವೆ ಆಗಿರಲಿಲ್ಲ, ಮಕ್ಕಳು 7 ಮಂದಿ.

ನಾಲ್ಕು ವರ್ಷದ ಬಳಿಕ, 1845ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಕೈಗೆ ಆ ಪ್ರಬಂಧ ಸಿಕ್ಕಿತು. ಅವರು ಅದನ್ನು ಪ್ಯಾರಿಸ್ಸಿಗೆ ಒಯ್ದು ಅಲ್ಲಿನ ಗಣಿತಜ್ಞರಿಗೆ ತೋರಿಸಿದರು. 1850ರಿಂದ ಜರ್ಮನಿಯ ಪತ್ರಿಕೆಯೊಂದರಲ್ಲಿ ಮತ್ತೆ ಅಚ್ಚಾಯಿತು. ಗ್ರೀನ್ ಅವರ ಒಂದು ಚಿತ್ರವೂ ಉಳಿದಿಲ್ಲ. ಗಿರಣಿ ಮಾತ್ರ ದುರಸ್ತಿಯಾಗಿ ಸ್ನೆಂಟನ್‌ನಲ್ಲಿ ಈಗಲೂ ನಿಂತಿದೆ.