ಶಾಸ್ತ್ರಿಗಳ ಮನೆಯ ಹುಡುಗ



ಸೆಪ್ಟೆಂಬರ್ 15 ಬಂತೆಂದರೆ ವಿದ್ಯುತ್ ಸ್ಥಾವರದ ಊರಾದ ನಮ್ಮ ಶಕ್ತಿನಗರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ನೆನಪಾಗುತ್ತದೆ. ಅವರು ಬೀದಿ ದೀಪದ ಕೆಳಗೆ ಓದಿ ದೊಡ್ಡವರಾದರೆಂದು ಹೇಳಿ ಮಕ್ಕಳನ್ನು ಬೈಯುವುದೂ ನಮ್ಮ ವಾಡಿಕೆ. ಬೈಯುವ ಮೊದಲು ಆ ಹುಡುಗನ ಮನೆಯೊಳಗೆ ಒಮ್ಮೆ ಇಣುಕಿ ನೋಡೋಣ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ಅವರ ಜನನ. ಮನೆಯಲ್ಲಿ ಸಿರಿತನವಿರಲಿಲ್ಲ, ನಿಜ. ಆದರೆ ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಅಕ್ಷರ ಕಲಿಯುವ ಮೊದಲೇ ಆ ಮನೆಯಲ್ಲಿ ಓದು ಇತ್ತು. ಹುಡುಗ ಇನ್ನೂ ಚಿಕ್ಕವನಿರುವಾಗಲೇ ತಂದೆ ತೀರಿಕೊಂಡರು. ಎಷ್ಟೋ ಮನೆಗಳಲ್ಲಿ ಶಾಲೆ ಅಲ್ಲಿಗೇ ನಿಂತುಬಿಡುತ್ತದೆ. ಇಲ್ಲಿ ನಿಲ್ಲಲಿಲ್ಲ. ತಾಯಿ ವೆಂಕಟಲಕ್ಷ್ಮಮ್ಮನವರು ಮಗನ ಓದು ಬಿಡಿಸಲಿಲ್ಲ; ಬೆಂಗಳೂರಿನಲ್ಲಿದ್ದ ಸೋದರಮಾವ ರಾಮಯ್ಯನವರು ಆಸರೆಯಾದರು. ವೆಸ್ಲಿಯನ್ ಮಿಷನ್ ಶಾಲೆ, ಬಳಿಕ ಸೆಂಟ್ರಲ್ ಕಾಲೇಜು. ಖರ್ಚಿಗಾಗಿ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿದರು. 1881ರಲ್ಲಿ ಬಿ.ಎ.; ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯಲ್ಲಿ ಇಂಜಿನಿಯರಿಂಗ್; 1883ರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ. ಶ್ರಮ ಅವರದೇ, ಸಂಶಯವಿಲ್ಲ. ಆದರೆ ಎಡವಿದಾಗ ಹಿಡಿಯುವ ಕೈಗಳೂ ಇದ್ದವು.

1912ರಲ್ಲಿ ದಿವಾನರಾದರು. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರ ಕಾಲದಲ್ಲೇ ಬಂದವು. ಆದರೂ ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೂ ಪಾಲು ಸಿಗಬೇಕೆಂಬ ಬೇಡಿಕೆಗೆ ಓಗೊಟ್ಟು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ಅಧಿಕಾರ ಬಿಟ್ಟರು. ಅರ್ಹತೆಗೆ ಧಕ್ಕೆ ಬಂದೀತೆಂಬುದು ಅವರ ಕಳವಳ. ಅವರ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ಅರ್ಹತೆಯ ಅರ್ಧ ಭಾಗ ಮನೆಯಲ್ಲೇ ಬೆಳೆಯುತ್ತದೆಂಬುದು ಅಂಥ ಮನೆಯಲ್ಲಿ ಬೆಳೆದವರಿಗೇ ಕಾಣುವುದು ಕಷ್ಟವೇನೋ!

ಆಗ ನಮ್ಮ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಮೈಸೂರಿನ ಕಾಯಿದೆಯಾಗಲಿ, ಮಿಲ್ಲರ್ ಸಮಿತಿಯ ಶಿಫಾರಸುಗಳಾಗಲಿ ಇಲ್ಲಿಗೆ ಮುಟ್ಟಲಿಲ್ಲ. ದೇವದುರ್ಗ, ಮಾನ್ವಿ ಕಡೆಯಿಂದ ಇಂದಿಗೂ ಕುಟುಂಬಗಳು ಕಟ್ಟಡ ಕೆಲಸ ಹುಡುಕಿಕೊಂಡು ಗುಳೆ ಹೋಗುತ್ತವೆ. ಜೊತೆಗೆ ಹೊರಟ ಮಕ್ಕಳ ಹೆಸರಿನ ಮುಂದೆ ಶಾಲೆಯ ಹಾಜರಿ ಪುಸ್ತಕ ಖಾಲಿಯಾಗಿ ಉಳಿಯುತ್ತದೆ. ಅವರೂ ಸೇರುವುದು ಅದೇ ಬೆಂಗಳೂರನ್ನು. ಅಲ್ಲಿ ಕರೆದು ಓದಿಸುವ ಸೋದರಮಾವ ಮಾತ್ರ ಇರುವುದಿಲ್ಲ.