ಮಿಲ್‌ಸ್ಟೈನ್ ಶೋಧದ ಒಡೆಯರು ಯಾರು?

ಬಿನ್ನಿಪೇಟೆಯ ಸಣ್ಣ ಔಷಧದಂಗಡಿಯಲ್ಲೂ ಇಂದು ಗರ್ಭಪರೀಕ್ಷೆಯ ಪಟ್ಟಿ ಅಗ್ಗವಾಗಿ ದೊರೆಯುತ್ತದೆ. ಅದರಲ್ಲಿರುವ ಪ್ರತಿಕಾಯಗಳ ಹಿಂದೆ ಸೀಸರ್ ಮಿಲ್‌ಸ್ಟೈನ್ ಎಂಬ ವಿಜ್ಞಾನಿಯ ದುಡಿಮೆಯಿದೆ. ಅರ್ಥಶಾಸ್ತ್ರ ಓದಿ, ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನನ್ನು ಅವರ ವಿಜ್ಞಾನದಷ್ಟೇ ಕಾಡಿದ್ದು ಆ ಶೋಧದ ಒಡೆತನದ ಪ್ರಶ್ನೆ.

ಮಿಲ್‌ಸ್ಟೈನ್ 1927ರಲ್ಲಿ ಅರ್ಜೆಂಟೀನಾದ ಯಹೂದಿ ವಲಸಿಗ ಕುಟುಂಬವೊಂದರಲ್ಲಿ ಜನಿಸಿದರು. ಬ್ಯೂನಸ್ ಐರಿಸ್‌ನಲ್ಲಿ ರಸಾಯನಶಾಸ್ತ್ರ ಓದಿ, ಕೇಂಬ್ರಿಡ್ಜ್‌ನಲ್ಲಿ ಫ್ರೆಡರಿಕ್ ಸ್ಯಾಂಗರ್ ಅವರೊಡನೆ ಕೆಲಸ ಮಾಡಿ, 1961ರಲ್ಲಿ ತಾಯ್ನಾಡಿಗೆ ಮರಳಿದರು. ಆದರೆ 1962ರ ಸೇನಾ ಕ್ಷಿಪ್ರಕ್ರಾಂತಿಯ ತರುವಾಯ ಅವರ ಸಂಸ್ಥೆಯ ನಿರ್ದೇಶಕರನ್ನು ವಜಾ ಮಾಡಲಾಯಿತು. ಮಿಲ್‌ಸ್ಟೈನ್ ರಾಜೀನಾಮೆಯಿತ್ತು 1963ರಲ್ಲಿ ಮತ್ತೆ ಕೇಂಬ್ರಿಡ್ಜ್ ಸೇರಿದರು. ಒಂದು ದೇಶದ ಆಡಳಿತದ ಅವಿವೇಕ ಮತ್ತೊಂದು ದೇಶದ ಭಾಗ್ಯವಾಯಿತು.

ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣ ದೇಹದ ಹೊರಗೆ ಕೆಲವೇ ದಿನ ಬದುಕುತ್ತದೆ. ಮಯಲೋಮಾ ಎಂಬ ಕ್ಯಾನ್ಸರ್ ಕೋಶವಾದರೋ ಸಾವಿಲ್ಲದೆ ಬೆಳೆಯುತ್ತದೆ; ಆದರೆ ನಮಗೆ ಬೇಕಾದ ಪ್ರತಿಕಾಯ ಅದರಲ್ಲಿಲ್ಲ. ಮಿಲ್‌ಸ್ಟೈನ್ ಮತ್ತು ಜರ್ಮನಿಯ ತರುಣ ಜಾರ್ಜ್ ಕೋಲರ್ ಇಲಿಯ ಗುಲ್ಮದ ಕೋಶಗಳನ್ನು ಮಯಲೋಮಾ ಕೋಶಗಳೊಡನೆ ಬೆಸೆದರು. ಬೆಸೆಯದ ಕ್ಯಾನ್ಸರ್ ಕೋಶಗಳು ಬದುಕಲಾರದ ಪೋಷಕ ದ್ರವದಲ್ಲಿ ಮಿಶ್ರಕೋಶಗಳಷ್ಟೇ ಉಳಿದವು. ಅವುಗಳಲ್ಲಿ ಒಂದನ್ನು ಬೇರ್ಪಡಿಸಿ ಬೆಳೆಸಿದರೆ, ಒಂದೇ ಬಗೆಯ ಪ್ರತಿಕಾಯ ನಿರಂತರವಾಗಿ ಲಭ್ಯ. 1975ರಲ್ಲಿ ಪ್ರಕಟವಾದ ಈ ವಿಧಾನಕ್ಕೆ 1984ರಲ್ಲಿ ನೊಬೆಲ್ ಗೌರವ ಸಂದಿತು. ನೀಲ್ಸ್ ಯೆರ್ನ ಅವರೂ ಅದರಲ್ಲಿ ಪಾಲುದಾರರಾಗಿದ್ದರು.

ಶೋಧದ ವಿಷಯವನ್ನು ಮಿಲ್‌ಸ್ಟೈನ್ ತಮ್ಮ ಸಂಸ್ಥೆಯ ಗಮನಕ್ಕೆ ತಂದಿದ್ದರು. ಆದರೆ ಬ್ರಿಟನ್ನಿನ ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮಕ್ಕೆ ಅದರಲ್ಲಿ ವಾಣಿಜ್ಯ ಪ್ರಯೋಜನ ಕಾಣಲಿಲ್ಲ, ಪೇಟೆಂಟ್ ಪಡೆಯಲಿಲ್ಲ. ಮಿಲ್‌ಸ್ಟೈನ್ ಇತರ ಪ್ರಯೋಗಾಲಯಗಳಿಗೆ ಕೋಶಗಳನ್ನು ಉದಾರವಾಗಿ ಹಂಚಿದರು. 1979ರಲ್ಲಿ ಅಮೆರಿಕದ ಸಂಶೋಧಕರು ಅದೇ ವಿಧಾನದಿಂದ ಪಡೆದ ಪ್ರತಿಕಾಯಗಳಿಗೆ ಪೇಟೆಂಟ್ ಗಳಿಸಿದರು.

ವಿಧಾನ ಮುಕ್ತವಾಗಿದ್ದುದರಿಂದ ಜ್ಞಾನ ಬೇಗ ಹರಡಿತು, ನಿಜ. ಆದರೆ ಅದರಿಂದ ಹುಟ್ಟಿದ ಔಷಧಗಳು ಮುಕ್ತವಾಗಿರಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮಾಬ್ ಔಷಧದ ಸಮಾನರೂಪವನ್ನು ತಂದಿತು. ಆದರೂ ಇಂಥ ಚಿಕಿತ್ಸೆ ಇಂದಿಗೂ ಸಾಮಾನ್ಯ ಕುಟುಂಬಕ್ಕೆ ದೊಡ್ಡ ಹೊರೆಯೇ ಆಗಿದೆ.

ಮಿಲ್‌ಸ್ಟೈನ್ 2002ರಲ್ಲಿ ಕೇಂಬ್ರಿಡ್ಜ್‌ನಲ್ಲಿ ನಿಧನರಾದರು. ಅವರ ಬದುಕಿನಿಂದ ನಮ್ಮ ಆಡಳಿತಗಾರರು ಕಲಿಯಬೇಕಾದುದು ಇಷ್ಟು: ಸಾರ್ವಜನಿಕ ಹಣದ ಶೋಧವನ್ನು ಕೈಬಿಡುವುದು ಔದಾರ್ಯವಲ್ಲ. ಪೇಟೆಂಟನ್ನು ಸರ್ಕಾರಿ ಸಂಸ್ಥೆಯೇ ಇಟ್ಟುಕೊಂಡು, ಸಂಶೋಧಕರಿಗೆ ಮುಕ್ತವಾಗಿಯೂ ಕಂಪನಿಗಳಿಗೆ ಬೆಲೆಯ ಮಿತಿ ವಿಧಿಸಿಯೂ ಪರವಾನಗಿ ನೀಡಬೇಕು. ತೆರಿಗೆದಾರನಿಗೆ ಸಲ್ಲಬೇಕಾದ ಪಾಲು ರೋಗಿಯ ಹಾಸಿಗೆಯ ಬಳಿ ತಲುಪಲು ಅದೇ ದಾರಿ.